ಎತ್ತರ ಮತ್ತು ಹೂವು: ಸಂಡೂರು ಬೆಟ್ಟಸಾಲಿನ ಸಸ್ಯ ಜಾನಪದದ ಒಂದು ಚಾರಿತ್ರಿಕ ವಿವೇಚನೆ

1. ಪೀಠಿಕೆ

ಒಂದು ಪ್ರದೇಶದ ಚರಿತ್ರೆಯನ್ನು ಶಾಸನ, ಕೋಟೆ ಮತ್ತು ರಾಜವಂಶಗಳ ಮೂಲಕ ಬರೆಯುವುದು ರೂಢಿ. ಅದೇ ಪ್ರದೇಶದ ಚರಿತ್ರೆಯನ್ನು ಅಲ್ಲಿನ ಹೂಗಳ ಮೂಲಕವೂ ಬರೆಯಬಹುದು. ಯಾವ ಹೂ ಎಲ್ಲಿ ಅರಳುತ್ತದೆ, ಯಾವುದು ಬೀಜ ಕಟ್ಟುತ್ತದೆ, ಯಾವುದು ಮನುಷ್ಯನ ಕೈಯನ್ನೇ ನಂಬಿ ಬದುಕುತ್ತದೆ ಎಂಬ ತಿಳಿವಳಿಕೆ ಹಬ್ಬ, ಹೆಸರು, ನಂಬಿಕೆ ಹಾಗೂ ಕಸುಬುಗಳಲ್ಲಿ ತಲೆಮಾರುಗಳಿಂದ ಸಂಗ್ರಹವಾಗುತ್ತ ಬಂದಿದೆ. ಈ ತಿಳಿವಳಿಕೆಯನ್ನು ಸಸ್ಯವಿಜ್ಞಾನದ ಒಂದು ಹಳೆಯ ಪ್ರಶ್ನೆಯ ಜೊತೆಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ನೆಲದ ಎತ್ತರ ಹೆಚ್ಚಾದಂತೆ ಹೂವಿನ ಲಕ್ಷಣಗಳೂ ಸಸ್ಯಗಳ ಸಂತಾನ ವಿಧಾನಗಳೂ ಹೇಗೆ ಬದಲಾಗುತ್ತವೆ ಎಂಬುದು ಆ ಪ್ರಶ್ನೆ.

ಇದಕ್ಕೆ ಆಯ್ದುಕೊಂಡಿರುವ ಕ್ಷೇತ್ರ ತುಂಗಭದ್ರೆಯ ಬಲದಂಡೆಯಿಂದ ಸಂಡೂರು ಬೆಟ್ಟಗಳ ನೆತ್ತಿಯವರೆಗಿನ ನೆಲ. ಹಂಪಿ ಮತ್ತು ಹೊಸಪೇಟೆಗಳ ಬಯಲು ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಎರಡು ಸಾಲು ಬೆಟ್ಟಗಳು ಒಂದು ಉದ್ದನೆಯ ಕಣಿವೆಯನ್ನು ತಬ್ಬಿಕೊಂಡಿವೆ. ಸಂಡೂರು ಪಟ್ಟಣವೂ, ಘೋರ್ಪಡೆ ರಾಜಮನೆತನದಲ್ಲಿ ಮತ್ತೆ ಮತ್ತೆ ಬರುವ ಯಶವಂತರಾವ್ ಎಂಬ ಹೆಸರನ್ನು ನೆನಪಿಸುವ ಯಶವಂತನಗರವೂ ಇರುವುದು ಈ ಬೆಟ್ಟಗಳ ಮಡಿಲಲ್ಲಿ. ನಾರಿಹಳ್ಳವು ಭೀಮಗಂಡಿ ಮತ್ತು ಓಬಳಗಂಡಿ ಎಂಬ ಎರಡು ಕಂಡಿಗಳಲ್ಲಿ ಬೆಟ್ಟವನ್ನು ಸೀಳಿ ಹರಿಯುತ್ತದೆ. ರಾಮನದುರ್ಗ ಮತ್ತು ಕುಮಾರಸ್ವಾಮಿ ಬೆಟ್ಟಗಳ ನೆತ್ತಿ ಸುಮಾರು ಒಂದು ಸಾವಿರ ಮೀಟರ್ ಮುಟ್ಟುತ್ತದೆ. ಬಯಲಿಗೂ ನೆತ್ತಿಗೂ ಇರುವ ಅಂತರ ಕೇವಲ ಐದು ನೂರು ಮೀಟರುಗಳಷ್ಟು. ಹಿಮಾಲಯ, ಆಲ್ಪ್ಸ್‌ಗಳ ಮುಂದೆ ಇದು ಅಲ್ಪವೇ ಸರಿ. ಆದರೂ ಈ ಅಲ್ಪ ಅಂತರದಲ್ಲಿ ಹೂಗಳ ಲೋಕ ಮೂರು ಬಗೆಯಾಗಿ ಒಡೆದುಕೊಳ್ಳುತ್ತದೆ ಎಂಬುದು ಗಮನಾರ್ಹ.

2. ಎತ್ತರದ ವಿಚಾರ: ಎರಡು ಪರಂಪರೆಗಳು

ನೆಲದ ಎತ್ತರವನ್ನು ಹೂವಿನಿಂದ ಗುರುತಿಸುವ ಪದ್ಧತಿ ದಕ್ಷಿಣ ಭಾರತಕ್ಕೆ ಹೊಸದಲ್ಲ. ತಮಿಳಿನ ಸಂಗಂ ಪರಂಪರೆಯು ನಾಡನ್ನು ಐದು ತಿಣೆಗಳಾಗಿ ವಿಂಗಡಿಸಿ, ಬೆಟ್ಟಕ್ಕೆ ಕುರಿಂಜಿ, ಕಾಡಿಗೆ ಮುಲ್ಲೈ ಎಂಬ ಮಲ್ಲಿಗೆ, ಹೊಲಗದ್ದೆಗಳ ಬಯಲಿಗೆ ಮರುದಂ, ಕಡಲತೀರಕ್ಕೆ ನೆಯ್ದಲ್, ಒಣನೆಲಕ್ಕೆ ಪಾಲೈ ಎಂದು ಸಸ್ಯಗಳ ಹೆಸರನ್ನೇ ಇಟ್ಟಿತು. ಪ್ರತಿ ತಿಣೆಗೂ ಒಂದು ಕಸುಬು ಮತ್ತು ಒಂದು ಪ್ರೇಮಾವಸ್ಥೆಯನ್ನು, ಹೆಚ್ಚಿನವಕ್ಕೆ ಒಬ್ಬ ದೈವವನ್ನೂ ನಿಗದಿಪಡಿಸಿತು. ಕುರಿಂಜಿಯ ದೈವ ಮುರುಗ, ಅದರ ಅವಸ್ಥೆ ಪ್ರೇಮಿಗಳ ಮಿಲನ. ಕನ್ನಡದಲ್ಲಿ ಇಂತಹ ಕಾವ್ಯಶಾಸ್ತ್ರ ಬೆಳೆಯಲಿಲ್ಲವಾದರೂ ಸಸ್ಯಗಳನ್ನು ಕುರಿತ ಲೌಕಿಕ ಜ್ಞಾನಕ್ಕೆ ಬರೆಹದ ಪರಂಪರೆಯಿತ್ತು. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಾನವಿರುವುದು ಇದಕ್ಕೆ ಸಾಕ್ಷಿ.

ಯುರೋಪಿನಲ್ಲಿ ಈ ವಿಚಾರ ಬೇರೆ ದಾರಿಯಲ್ಲಿ ಬೆಳೆಯಿತು. ಹೂವಿನ ಬಣ್ಣ, ಆಕಾರ, ಮಕರಂದಗಳು ಕೀಟಗಳನ್ನು ಕರೆಯುವ ಸಾಧನಗಳೆಂದು 1793ರಲ್ಲಿ ಜರ್ಮನಿಯ ಸ್ಪ್ರೆಂಗೆಲ್ ನಿರೂಪಿಸಿದನು. ಹುಂಬೋಲ್ಟ್ 1802ರಲ್ಲಿ ಆಂಡಿಸ್‌ನ ಚಿಂಬೊರಾಜೊ ಪರ್ವತವನ್ನೇರಿ, ಎತ್ತರಕ್ಕೆ ತಕ್ಕಂತೆ ಸಸ್ಯವರ್ಗ ಬದಲಾಗುವುದನ್ನು 1807ರಲ್ಲಿ ಚಿತ್ರಸಮೇತ ಪ್ರಕಟಿಸಿದನು. ಡಾರ್ವಿನ್ 1876ರ ತನ್ನ ಗ್ರಂಥದಲ್ಲಿ ಸ್ವಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಸಸಿಗಳಿಗಿಂತ ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದವು ಸಾಮಾನ್ಯವಾಗಿ ಬಲಿಷ್ಠವೆಂದು ಪ್ರಯೋಗಗಳಿಂದ ತೋರಿಸಿದನು. ಹರ್ಮನ್ ಮ್ಯೂಲರ್ 1881ರಲ್ಲಿ ಆಲ್ಪ್ಸ್ ಪರ್ವತದ ಹೂಗಳಿಗೆ ಬರುವ ಕೀಟಗಳ ಬಗ್ಗೆ ಬೃಹತ್ ಗ್ರಂಥವನ್ನೇ ರಚಿಸಿದನು.

ಇವೆಲ್ಲದರ ಹಿನ್ನೆಲೆಯಲ್ಲಿ ಒಂದು ಸರಳ ನಿರೀಕ್ಷೆ ರೂಪುಗೊಂಡಿತು. ಎತ್ತರದಲ್ಲಿ ಚಳಿ ಹೆಚ್ಚು, ಕೀಟ ಕಡಿಮೆ. ಆದ್ದರಿಂದ ಅಲ್ಲಿನ ಹೂಗಳು ಅನ್ಯರನ್ನು ಕಾಯದೆ ತಮ್ಮ ಪರಾಗದಿಂದಲೇ ಬೀಜ ಕಟ್ಟಬೇಕು ಎಂಬುದು ಆ ನಿರೀಕ್ಷೆ. ಒಂಟಿ ಸಸ್ಯವೊಂದು ಹೊಸ ನೆಲದಲ್ಲಿ ನೆಲೆಯೂರಲು ಸ್ವಕೀಯ ಪರಾಗಸ್ಪರ್ಶ ನೆರವಾಗುತ್ತದೆಂದು 1955ರಲ್ಲಿ ಬೇಕರ್ ಪ್ರತಿಪಾದಿಸಿದ ತತ್ತ್ವವೂ ಇದಕ್ಕೆ ಪೂರಕವಾಗಿ ಕಂಡಿತು. ಆದರೆ ಕ್ಷೇತ್ರಕಾರ್ಯ ಈ ನಿರೀಕ್ಷೆಯನ್ನು ಪೂರ್ಣವಾಗಿ ಸಮರ್ಥಿಸಲಿಲ್ಲ. 1972ರಲ್ಲಿ ಕ್ರೂಡನ್ ಎಂಬ ವಿದ್ವಾಂಸನು ಮೆಕ್ಸಿಕೋದ ಎತ್ತರದ ಬೆಟ್ಟಗಳಲ್ಲಿ, ಮಳೆ ಮತ್ತು ಚಳಿಯಿಂದ ಜೇನ್ನೊಣ ಮಂಕಾದಾಗ ಹಕ್ಕಿಗಳು ಆ ಕೆಲಸವನ್ನು ಹೆಚ್ಚು ಸಮರ್ಥವಾಗಿ ಮಾಡುತ್ತವೆಂದು ತೋರಿಸಿದನು. 1980ರ ದಶಕದಲ್ಲಿ ಮೇರಿ ಕಾಲಿನ್ ಅರೋಯೊ ಮತ್ತು ಸಂಗಡಿಗರು ಚಿಲಿ ದೇಶದ ಆಂಡಿಸ್‌ನಲ್ಲಿ ನಡೆಸಿದ ಅಧ್ಯಯನಗಳ ಪ್ರಕಾರ, ಎತ್ತರಕ್ಕೆ ಹೋದಂತೆ ಕೀಟಗಳ ಭೇಟಿ ಕಡಿಮೆಯಾಗುವುದು ನಿಜ. ಆದರೆ ಹೂಗಳು ಅದಕ್ಕೆ ಹೆಚ್ಚು ದಿನ ಅರಳಿ ನಿಂತು ಉತ್ತರ ಕೊಡುತ್ತವೆ. ಅನೇಕ ಸಸ್ಯಗಳು ಎತ್ತರದಲ್ಲಿಯೂ ಪರಕೀಯ ಪರಾಗವನ್ನೇ ಅವಲಂಬಿಸಿವೆ. ಅಂದರೆ ಎತ್ತರವೆಂಬುದು ಒಂದೇ ಕಾರಣವಲ್ಲ. ಅದು ಚಳಿ, ಗಾಳಿ, ಮಂಜು, ಮಣ್ಣು, ನೀರು ಮೊದಲಾದ ಹಲವು ಕಾರಣಗಳ ಕಟ್ಟು. ಸಂಡೂರಿನಂತಹ ಗಿಡ್ಡ ಬೆಟ್ಟದಲ್ಲಿ ಚಳಿಯ ಪಾತ್ರ ಕಡಿಮೆ. ಇಲ್ಲಿ ಮಣ್ಣು, ಮಂಜು ಮತ್ತು ಮನುಷ್ಯ ಈ ಮೂರೂ ಮುಖ್ಯವಾಗುತ್ತವೆ.

3. ಬಯಲು: ಕೈಯಿಂದ ಬದುಕುವ ಹೂ, ತನ್ನಿಂದ ಬದುಕುವ ಕಳೆ

ಬಯಲಿನ ಹೂವಿನ ಚರಿತ್ರೆ ಎಂದರೆ ಪೇಟೆಯ ಚರಿತ್ರೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಗುಲಾಬಿ ಎಲ್ಲೆಡೆ ಮಾರಾಟವಾಗುತ್ತಿದ್ದುದನ್ನೂ ಅಲ್ಲಿಯ ಜನರಿಗೆ ಅದು ಅನ್ನದಷ್ಟೇ ಅವಶ್ಯವಾಗಿದ್ದುದನ್ನೂ ಬೆರಗಿನಿಂದ ದಾಖಲಿಸಿದ್ದಾನೆ. ಹೂವಿನಹಡಗಲಿಯ ಹೆಸರನ್ನು ಕುರಿತ ಐತಿಹ್ಯವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಅಲ್ಲಿಂದ ವಿಜಯನಗರದ ದೇವಾಲಯಗಳಿಗೆ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂ ಬರುತ್ತಿತ್ತೆಂದು ಜನ ಹೇಳುತ್ತಾರೆ. ಐತಿಹ್ಯವನ್ನು ಶಾಸನದಂತೆ ಓದಬೇಕಿಲ್ಲ. ಆದರೆ ನದಿಯ ಅಂಚಿನ ತೋಟ ಮತ್ತು ರಾಜಧಾನಿಯ ಗುಡಿಗಳ ನಡುವಿನ ಸಂಬಂಧವನ್ನು ಅದು ನೆನಪಿನಲ್ಲಿ ಉಳಿಸಿಕೊಂಡಿದೆ. ಹಡಗಲಿ ಮಲ್ಲಿಗೆಗೆ ಈ ಕಾಲದಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಈ ಮಲ್ಲಿಗೆಯ ಬಾಳು ವಿಚಿತ್ರವಾದುದು. ಮಲ್ಲಿಗೆಯ ಬಿಳುಪು, ಸಂಜೆಯ ಪರಿಮಳ, ನೀಳವಾದ ದಳನಾಳ ಇವೆಲ್ಲ ಇರುಳಲ್ಲಿ ಹಾರಾಡುವ ಪತಂಗಗಳಿಗೆ ಒಪ್ಪುವ ಲಕ್ಷಣಗಳು. ಆದರೆ ತೋಟದಲ್ಲಿ ಅದನ್ನು ಮೊಗ್ಗಿನಲ್ಲಿಯೇ ಬಿಡಿಸುತ್ತಾರೆ. ಪತಂಗ ಬರುವ ಹೊತ್ತಿಗೆ ಹೂ ಮಾಲೆಯಲ್ಲಿರುತ್ತದೆ. ಹೊಸ ಬಳ್ಳಿಯನ್ನು ಬೀಜದಿಂದ ಬೆಳೆಸುವುದಿಲ್ಲ. ಕಡ್ಡಿ ನೆಟ್ಟು ಇಲ್ಲವೇ ಬಳ್ಳಿಯನ್ನು ಮಣ್ಣಿಗೆ ಬಾಗಿಸಿ ಬೇರು ಬರಿಸಿ ಬೆಳೆಸುತ್ತಾರೆ. ಹೀಗೆ ಪರಿಮಳದ ಎಲ್ಲ ಸಿದ್ಧತೆಗಳನ್ನು ಉಳಿಸಿಕೊಂಡೂ ಸಂತಾನದ ಕೆಲಸವನ್ನು ಮನುಷ್ಯನ ಕೈಗೆ ಒಪ್ಪಿಸಿದ ಹೂ ಇದು.

ಹೊಲದ ಬೆಳೆಗಳಲ್ಲಿ ಎರಡು ನಡೆಗಳಿವೆ. ಜೋಳ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕಿಟ್ಟರೆ ಮುಂದಿನ ವರ್ಷವೂ ಅದೇ ಗುಣ ಬಹಳ ಮಟ್ಟಿಗೆ ಬರುತ್ತದೆ. ಸಜ್ಜೆಯ ತೆನೆಯಲ್ಲಿ ಶಲಾಕಾಗ್ರ ಮೊದಲು ಹೊರಬಂದು ಕೇಸರಗಳು ಆಮೇಲೆ ಬಿಚ್ಚಿಕೊಳ್ಳುವುದರಿಂದ ಅದು ನೆರೆಹೊಲದ ಪರಾಗವನ್ನು ಸುಲಭವಾಗಿ ಸ್ವೀಕರಿಸುತ್ತದೆ. ಅದರ ತಳಿಯನ್ನು ಶುದ್ಧವಾಗಿ ಕಾಯುವುದು ಕಷ್ಟ. ಸೀಗಿ ಹುಣ್ಣಿಮೆಯಂದು ರೈತ ಕುಟುಂಬಗಳು ಹೊಲಕ್ಕೆ ಹೋಗಿ, ಬೆಳೆಯನ್ನು ಬಸುರಿ ಹೆಂಗಸೆಂದು ಭಾವಿಸಿ ಪೂಜಿಸಿ, ಬಯಕೆಯ ಅಡುಗೆಯನ್ನು ಚರಗವಾಗಿ ಚೆಲ್ಲುವ ಆಚರಣೆ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಬೆಳೆ ಕಾಳು ಕಟ್ಟುವ ಕಾಲವನ್ನು ಗರ್ಭವೆಂದು ಗ್ರಹಿಸಿದ ಈ ನೋಟ ಸಸ್ಯದ ಸಂತಾನಕ್ರಿಯೆಯನ್ನು ಕುರಿತ ಜನಪದರ ಸ್ಪಷ್ಟ ತಿಳಿವಳಿಕೆಯನ್ನೇ ಸೂಚಿಸುತ್ತದೆ.

ಬಯಲಿನ ಮೂರನೆಯ ವರ್ಗ ಕಳೆಗಳದು. ಉಳುಮೆ, ಮೇವು, ತುಳಿತಗಳಿಂದ ಸದಾ ಕದಡುವ ನೆಲದಲ್ಲಿ ಬೇಗ ಹೂಬಿಟ್ಟು, ಯಾರನ್ನೂ ಕಾಯದೆ ಬೀಜ ಕಟ್ಟುವ ಸಸ್ಯಗಳಿಗೆ ಲಾಭ ಹೆಚ್ಚು. ಕನ್ನೆಸೊಪ್ಪು ಇದರ ಒಳ್ಳೆಯ ನಿದರ್ಶನ. ಅದು ಮೇಲೆ ನೀಲಿ ಹೂವನ್ನು ಅರಳಿಸುತ್ತದೆ. ಮಣ್ಣಿನೊಳಗೆ ಎಂದೂ ಅರಳದ ಹೂಗಳನ್ನು ಬಿಟ್ಟು, ಅವುಗಳಲ್ಲಿ ತಾನೇ ಬೀಜ ಕಟ್ಟುತ್ತದೆ. ದುಂಬಿ ಬಂದರೆ ಮೇಲಿನ ಹೂ, ಬಾರದಿದ್ದರೆ ಕೆಳಗಿನ ಹೂ ಎಂಬ ಎರಡು ಭರವಸೆಗಳನ್ನೂ ಅದು ಇಟ್ಟುಕೊಂಡಿದೆ. ಆಲ್ಪ್ಸ್‌ನ ನೆತ್ತಿಯಲ್ಲಿ ವಿದ್ವಾಂಸರು ನಿರೀಕ್ಷಿಸಿದ ಸ್ವಾವಲಂಬನೆ ಇಲ್ಲಿ ಬಯಲಿನ ಬದುವಿನಲ್ಲಿ ಸಿಗುತ್ತದೆ.

4. ಇಳಿಜಾರು: ಎಲೆ ಉದುರಿದ ಮೇಲೆ ಅರಳುವ ಹೂ

ಬೆಟ್ಟದ ಬುಡದ ಒಣನೆಲದಲ್ಲಿ ಮೊದಲು ಎದುರಾಗುವುದು ತಂಗಡಿ. ಚರ್ಮ ಹದಮಾಡುವವರಿಗೆ ಇದರ ತೊಗಟೆ ಬೇಕು. ದೀಪಾವಳಿಯ ಹೊತ್ತಿಗೆ ಹಲವು ಹಳ್ಳಿಗಳಲ್ಲಿ ಸಗಣಿಯ ಲಕ್ಕಮ್ಮನ ಅಲಂಕಾರಕ್ಕೆ ಇದರ ಹಳದಿ ಹೂ ಬೇಕು. ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ. ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬರುತ್ತದೆ. ದೊಡ್ಡ ಕರಿದುಂಬಿ ಹೂವನ್ನು ಹಿಡಿದು ಮೈ ನಡುಗಿಸಿ ಝೇಂಕರಿಸಿದಾಗ ಅದು ಉದುರುತ್ತದೆ. ಈ ಹೂವಿಗೆ ಎಲ್ಲ ಕೀಟಗಳೂ ಸಲ್ಲುವುದಿಲ್ಲ, ತಕ್ಕ ಅತಿಥಿಯೇ ಬರಬೇಕು.

ಮೇಲಕ್ಕೆ ಸಾಗಿದಂತೆ ಎಲೆ ಉದುರುವ ಕಾಡು ತೊಡಗುತ್ತದೆ. ಮುತ್ತುಗ, ಬೂರುಗ, ಅರಿಶಿನ ಬೂರುಗಗಳು ಬೇಸಿಗೆಯ ಹೊಸ್ತಿಲಲ್ಲಿ ಎಲೆಗಳನ್ನು ಕಳಚಿ ಬರಿಯ ಕೊಂಬೆಗಳ ಮೇಲೆ ದೊಡ್ಡ ಹೂಗಳನ್ನು ತಳೆಯುತ್ತವೆ. ಎಲೆಯ ಮರೆಯಿಲ್ಲದ ಕೆಂಪು, ಹಳದಿ ಬಣ್ಣಗಳು ಬಹುದೂರದಿಂದ ಕಾಣುತ್ತವೆ. ದೆಹಲಿಯ ಸಸ್ಯವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮುತ್ತುಗದ ಪರಾಗಸ್ಪರ್ಶಕ್ಕೆ ಸೂರಕ್ಕಿ ಹಾಗೂ ಅಳಿಲು ಕಾರಣವೆಂದೂ, ಅನ್ಯ ಮರದ ಪರಾಗ ದೊರೆತಾಗ ಕಾಯಿ ಕಟ್ಟುವಿಕೆ ಹೆಚ್ಚೆಂದೂ ತೋರಿಸಲಾಗಿದೆ. ಬೂರುಗದ ಹೂವಿಗೆ ಹಗಲು ಹಕ್ಕಿಗಳೂ ಇರುಳು ಬಾವಲಿಗಳೂ ಬರುತ್ತವೆ. ಒಂದೇ ಮರದ ಪರಾಗದಿಂದ ಅದು ಸುಲಭವಾಗಿ ಕಾಯಿ ಕಟ್ಟುವುದಿಲ್ಲ. ಇಳಿಜಾರಿನ ಮರಗಳಿಗೆ ನೆರೆಯ ಮರವೂ ಬೇಕು, ನಡುವೆ ಹಾರುವ ಹಕ್ಕಿಯೂ ಬೇಕು.

ಸಂಡೂರು ಸೀಮೆಯ ತಾಂಡಾಗಳ ಲಂಬಾಣಿಗರಿಗೆ ಮುತ್ತುಗ ‘ಕೇಸುಲಾ’. ಅದು ಅರಳುವ ಕಾಲವೇ ಅವರ ದೊಡ್ಡ ಹಬ್ಬವಾದ ಹೋಳಿಯ ಕಾಲ. ಮುತ್ತುಗದ ಹೂವನ್ನು ಕುದಿಸಿ ಓಕುಳಿಯ ಬಣ್ಣ ಮಾಡುವ ರೂಢಿ ನಾಡಿನ ಹಲವೆಡೆ ಇದ್ದಿತು. ಮಲ್ಲಿಗೆ ಮಾಲೆಗೆ ಸೇರಿದರೆ ಮುತ್ತುಗ ಮೈಗೆ ಸೇರುತ್ತದೆ. ಒಂದನ್ನು ತೋಟದಿಂದ ಕೊಳ್ಳಬೇಕು, ಇನ್ನೊಂದನ್ನು ಬೆಟ್ಟದಿಂದ ಆಯಬೇಕು. ಎತ್ತರದ ಭೇದ ಇಲ್ಲಿ ಬಳಕೆಯ ಭೇದವೂ ಆಗಿದೆ.

5. ನೆತ್ತಿ: ಹನ್ನೆರಡು ವರ್ಷಕ್ಕೊಮ್ಮೆ

ಬೆಟ್ಟದ ನೆತ್ತಿಯ ಸ್ಥಿತಿ ಮತ್ತೂ ಬೇರೆ. ಕಬ್ಬಿಣದ ಅದಿರಿನಿಂದ ಗಟ್ಟಿಯಾದ ಕೆಂಪು ಹಾಸು, ತೆಳುವಾದ ಮಣ್ಣು, ಬಿಡದ ಗಾಳಿ, ಮಳೆಗಾಲದಲ್ಲಿ ಇಳಿದು ಕೂರುವ ಮಂಜು ಇವು ಅಲ್ಲಿಯ ಲಕ್ಷಣಗಳು. ಬಳ್ಳಾರಿಯ ಬಿಸಿಲಿನಿಂದ ಪಾರಾಗಲು ಬ್ರಿಟಿಷರು 19ನೆಯ ಶತಮಾನದ ನಡುಗಾಲದಲ್ಲಿ ರಾಮನದುರ್ಗದ ಮೇಲೆ ಸೈನಿಕರ ಆರೋಗ್ಯಧಾಮವನ್ನು ಸ್ಥಾಪಿಸಿದುದು ಈ ತಂಪಿನ ಕಾರಣದಿಂದಲೇ. ಈ ಬೆಟ್ಟಗಳಿಂದ ವರದಿಯಾಗಿರುವ ಸಸ್ಯಗಳಲ್ಲಿ ನೀಲಕುರಿಂಜಿಯೂ ಒಂದು. ಮಲೆನಾಡಿನಲ್ಲಿ ಈ ಕುಲದ ಗಿಡಗಳಿಗೆ ಗುರಿಗೆ, ಗುರ್ಗಿ ಎಂಬ ಹೆಸರುಗಳಿವೆ; ಶಾಸ್ತ್ರೀಯ ನಾಮ ಸ್ಟ್ರೋಬಿಲಾಂಥಸ್ ಕುಂತಿಯಾನ. ಪಶ್ಚಿಮ ಘಟ್ಟಗಳಲ್ಲಿ ಇದರ ನೆಲೆ ಸಾಮಾನ್ಯವಾಗಿ 1,300 ಮೀಟರಿನಿಂದ 2,400 ಮೀಟರಿನವರೆಗಿನ ಹುಲ್ಲುಗಾವಲು. ಸಂಡೂರಿನ ನೆತ್ತಿ ಅದಕ್ಕಿಂತ ತಗ್ಗು. ಘಟ್ಟದಿಂದ ಬಹುದೂರದ ಬಯಲುಸೀಮೆಯ ನಡುವೆ ಈ ಬೆಟ್ಟ ಒಂದು ದ್ವೀಪದಂತೆ ನಿಂತಿದೆ.

ಕುರಿಂಜಿಯ ಸಂತಾನಕ್ರಮ ಪ್ರಸಿದ್ಧವಾದುದು. ಹನ್ನೆರಡು ವರ್ಷ ಎಲೆಯಾಗಿಯೇ ಬೆಳೆದು, ಒಂದು ಪ್ರದೇಶದ ಗಿಡಗಳೆಲ್ಲ ಒಟ್ಟಿಗೆ ಅರಳಿ, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತವೆ. ನೀಲಗಿರಿಯಲ್ಲಿ ಇದರ ಅರಳುವಿಕೆ 1838ರಿಂದ ಲೆಕ್ಕಕ್ಕೆ ಸಿಗುತ್ತದೆ. ಇತ್ತೀಚಿನವು 1994, 2006 ಮತ್ತು 2018. ಎಲ್ಲ ಬೆಟ್ಟಗಳ ಗಡಿಯಾರ ಒಂದೇ ಅಲ್ಲ. ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿಯೂ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ 2022ರಲ್ಲಿಯೂ ಬೆಟ್ಟ ನೀಲಿಯಾಯಿತು. ಹೀಗೆ ಒಟ್ಟಾಗಿ ಅರಳುವುದಕ್ಕೆ ವಿದ್ವಾಂಸರು ಎರಡು ಪ್ರಯೋಜನಗಳನ್ನು ಹೇಳುತ್ತಾರೆ. ದೂರದ ಜೇನ್ನೊಣಗಳೂ ಮುಗಿಬೀಳುವಷ್ಟು ಹೂ ಒಮ್ಮೆಲೇ ಒದಗುವುದು ಒಂದು. ಬೀಜ ತಿನ್ನುವ ಜೀವಿಗಳು ತಿಂದು ಮುಗಿಸಲಾರದಷ್ಟು ಬೀಜ ಒಮ್ಮೆಲೇ ಉದುರುವುದು ಮತ್ತೊಂದು. ಬಯಲಿನ ಕನ್ನೆಸೊಪ್ಪು ಒಂಟಿತನಕ್ಕೆ ಸಿದ್ಧವಾದ ಗಿಡವಾದರೆ ಕುರಿಂಜಿ ಸಮುದಾಯವಿಲ್ಲದೆ ಬಾಳಲಾರದ ಗಿಡ.

6. ಬೆಟ್ಟದ ಕುಮಾರ, ಬಯಲ ಜೋಕುಮಾರ

ಇದೇ ನೆತ್ತಿಯಲ್ಲಿ ಕುಮಾರಸ್ವಾಮಿಯ ಗುಡಿ ಇದೆ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ದೇವಾಲಯವೂ ರಾಷ್ಟ್ರಕೂಟರ ಕಾಲದ ಕುಮಾರಸ್ವಾಮಿ ದೇವಾಲಯವೂ ಈ ನೆಲೆಯ ಪ್ರಾಚೀನತೆಯನ್ನು ಸಾರುತ್ತವೆ. ಸ್ಥಳಪುರಾಣ ಇದನ್ನು ಕ್ರೌಂಚಗಿರಿ ಎಂದೂ ಲೋಹಾಚಲವೆಂದೂ ಕರೆಯುತ್ತದೆ. ಬೆಟ್ಟದ ಒಡಲಿನ ಲೋಹವನ್ನು ಹೆಸರೇ ಬಲ್ಲದು. ತಮಿಳು ಪರಂಪರೆಯ ಮುರುಗ ಕುರಿಂಜಿ ನೆಲದಲ್ಲಿ ವಳ್ಳಿಯನ್ನು ವರಿಸಿದವನು. ಸಂಡೂರಿನ ಕುಮಾರನಾದರೋ ತಾಯಿಯನ್ನು ತೊರೆದು ಬಂದ ಬ್ರಹ್ಮಚಾರಿ. ಸ್ತ್ರೀಯರಿಗೆ ಅವನ ದರ್ಶನವಿಲ್ಲವೆಂಬ ಸಂಪ್ರದಾಯವೂ ಈ ಕಥೆಯಿಂದಲೇ ಹುಟ್ಟಿದುದು.

ಬೆಟ್ಟದ ಕೆಳಗೆ ಮತ್ತೊಬ್ಬ ಕುಮಾರನಿದ್ದಾನೆ. ಭಾದ್ರಪದದಲ್ಲಿ ಗಂಗಾಮತದ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುವ ಜೋಕುಮಾರ ಏಳು ದಿನದ ದೈವ. ಮಳೆ, ಬೆಳೆ, ಸಂತಾನಗಳನ್ನು ಕೊಟ್ಟು ಅವನು ಹತನಾಗುತ್ತಾನೆ. ಫಲವನ್ನಿತ್ತು ಸಾಯುವ ದೈವ ಬಯಲಿಗೆ, ಫಲದಿಂದ ವಿಮುಖನಾದ ದೈವ ಬೆಟ್ಟಕ್ಕೆ ಎಂಬ ಈ ಹಂಚಿಕೆ ಕುತೂಹಲಕರವಾದುದು. ಸಸ್ಯಗಳ ನಡೆ ಇದಕ್ಕೆ ತಿರುಗುಮುರುಗಾಗಿದೆ. ಫಲವಿತ್ತು ಸಾಯುವ ಪೊದೆ ಬೆಟ್ಟದ ಮೇಲಿದೆ, ಬೀಜದಿಂದ ವಿಮುಖವಾದ ಮಲ್ಲಿಗೆ ಬಯಲಲ್ಲಿದೆ. ಆದ್ದರಿಂದ ಪುರಾಣವು ಪ್ರಕೃತಿಯ ನೇರ ಪ್ರತಿಬಿಂಬವೆಂದು ಹೇಳುವುದು ಅವಸರದ ಮಾತಾಗುತ್ತದೆ. ಎತ್ತರವು ಬೇರೆಯೇ ಆದ ಬದುಕಿನ ನೆಲೆ ಎಂಬ ಅರಿವು ಮಾತ್ರ ಎರಡು ಕಡೆಯೂ ಇದೆ ಎನ್ನಬಹುದು.

7. ಅದಿರು ಮತ್ತು ಹೂವು

ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಪ್ರಕಟಿಸಿದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಗ್ರಂಥದಿಂದ ಸಂಡೂರಿನ ಅದಿರು ವಿದ್ವತ್ ಲೋಕಕ್ಕೆ ಪರಿಚಿತವಾಯಿತು. 20ನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ತೊಡಗಿತು. ದೋಣಿಮಲೈಯಲ್ಲಿ 1977ರಿಂದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ ನಡೆಯಿತು. 2000ದ ನಂತರದ ದಶಕದಲ್ಲಿ ಕಬ್ಬಿಣದ ಬೆಲೆ ಏರಿದಾಗ ಆದ ಅನಾಹುತವನ್ನು ಲೋಕಾಯುಕ್ತರ 2008 ಮತ್ತು 2011ರ ವರದಿಗಳು ವಿವರಿಸಿವೆ. ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, 2013ರ ಏಪ್ರಿಲ್‌ನಲ್ಲಿ ಗಣಿಗಳನ್ನು ವರ್ಗೀಕರಿಸಿ, ಪುನಶ್ಚೇತನದ ಷರತ್ತುಗಳೊಂದಿಗೆ ಕೆಲವಕ್ಕೆ ಅವಕಾಶ ನೀಡಿತು. 2024ರಲ್ಲಿ ಸ್ವಾಮಿಮಲೈ ಅರಣ್ಯದ ದೇವದಾರಿ ಗಣಿಯ ಪ್ರಸ್ತಾವ ಮತ್ತೆ ಸಾರ್ವಜನಿಕ ಚರ್ಚೆಗೆ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಳ್ಳೆಯ ಅದಿರು ಬಹುಪಾಲು ಇರುವುದು ನೆತ್ತಿಯ ಹಾಸಿನಲ್ಲಿ. ನೆತ್ತಿಯ ಹೂ ಇರುವುದೂ ಅಲ್ಲಿಯೇ. ಹವೆ ಬಿಸಿಯಾದಾಗ ದೊಡ್ಡ ಪರ್ವತದ ಸಸ್ಯಗಳಿಗೆ ಇನ್ನೂ ಮೇಲೇರಲು ಜಾಗವಿರುತ್ತದೆ. ಒಂದು ಸಾವಿರ ಮೀಟರಿನ ಬೆಟ್ಟದ ತುದಿಯ ಗಿಡಕ್ಕೆ ಮೇಲೆ ಇರುವುದು ಆಕಾಶ ಮಾತ್ರ. ಇಳಿಜಾರಿನ ಮುತ್ತುಗ ಬಯಲಿನಲ್ಲಿಯೂ ಬದುಕಬಲ್ಲದು, ಬಯಲಿನ ಕನ್ನೆಸೊಪ್ಪು ಎಲ್ಲಿಯೂ ಬದುಕಬಲ್ಲದು. ನೆತ್ತಿಯ ಗಿಡಕ್ಕೆ ಬದಲಿ ನೆಲೆಯಿಲ್ಲ.

ಎರಡನೆಯ ಅಂಶ ಕಾಲಕ್ಕೆ ಸಂಬಂಧಿಸಿದುದು. ಪರಿಸರದ ಸಮೀಕ್ಷೆಗಳು ಸಾಮಾನ್ಯವಾಗಿ ಒಂದೆರಡು ಋತುಗಳಲ್ಲಿ ಮುಗಿಯುತ್ತವೆ. ಹನ್ನೆರಡರಲ್ಲಿ ಹನ್ನೊಂದು ವರ್ಷ ಹೂವಿಲ್ಲದ ಪೊದೆಯನ್ನು ಅಂತಹ ಸಮೀಕ್ಷೆ ಬರಿಯ ಕುರುಚಲು ಎಂದು ಎಣಿಸುವ ಸಾಧ್ಯತೆಯಿದೆ. ಪುನಶ್ಚೇತನದ ಲೆಕ್ಕದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಬರುತ್ತದೆಯೇ ಹೊರತು ಒಂದು ಗಿಡಕ್ಕೆ ಬೇಕಾದ ನೆರೆಯ ಗಿಡ, ಜೇನು, ಹಕ್ಕಿ, ಮುಂದಿನ ಹನ್ನೆರಡು ವರ್ಷ ಇವು ಸುಲಭವಾಗಿ ಬರುವುದಿಲ್ಲ.

8. ಉಪಸಂಹಾರ

ಎತ್ತರ ಹೆಚ್ಚಿದಂತೆ ಹೂಗಳು ಸ್ವಾವಲಂಬಿಯಾಗುತ್ತವೆ ಎಂಬ ಹಳೆಯ ನಿರೀಕ್ಷೆ ಸಂಡೂರಿಗೆ ಹೊಂದುವುದಿಲ್ಲ ಎಂಬುದು ಈ ವಿವೇಚನೆಯಿಂದ ವ್ಯಕ್ತವಾಗುತ್ತದೆ. ಸ್ವಾವಲಂಬಿಗಳೂ ಮನುಷ್ಯಾವಲಂಬಿಗಳೂ ಬಯಲಲ್ಲಿವೆ. ಹಕ್ಕಿ, ದುಂಬಿ ಮತ್ತು ನೆರೆಯ ಮರವನ್ನು ನೆಚ್ಚಿದವು ಇಳಿಜಾರಿನಲ್ಲಿವೆ. ತನ್ನ ಇಡೀ ಸಮುದಾಯವನ್ನೇ ನೆಚ್ಚಿದ ಗಿಡ ನೆತ್ತಿಯಲ್ಲಿದೆ. ಆದುದರಿಂದ ಮೇಲಕ್ಕೆ ಹೋದಂತೆ ನಷ್ಟವನ್ನು ತುಂಬಿಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ.

ಇಂತಹ ದೀರ್ಘಕಾಲದ ಸಂಗತಿಗಳನ್ನು ಹಿಡಿದಿಡಲು ಜಾನಪದವೇ ತಕ್ಕ ದಾಖಲೆ. ತಮಿಳುನಾಡಿನ ಬೆಟ್ಟಗಳ ಪಳಿಯರು ಕುರಿಂಜಿಯ ಹೂಗಳಿಂದ ತಮ್ಮ ವಯಸ್ಸನ್ನು ಎಣಿಸುತ್ತಿದ್ದರೆಂಬ ಉಲ್ಲೇಖವಿದೆ. ಸಂಡೂರು, ಯಶವಂತನಗರ, ಸ್ವಾಮಿಹಳ್ಳಿ ಹಾಗೂ ಸುತ್ತಣ ತಾಂಡಾಗಳ ದನಗಾಹಿಗಳು, ಜೇನು ಕೀಳುವವರು, ಸೌದೆ ಹೊರುತ್ತಿದ್ದ ಹಿರಿಯ ಹೆಂಗಸರು ಬೆಟ್ಟವನ್ನು ಅರ್ಧ ಶತಮಾನದಿಂದ ಕಂಡವರು. ಯಾವ ಬರಗಾಲದ ಮರುವರ್ಷ ಬೆಟ್ಟ ನೀಲಿಯಾಯಿತು, ಯಾವ ಜಾತ್ರೆಯ ಹೊತ್ತಿಗೆ ಜೇನು ಹೆಚ್ಚಾಗಿತ್ತು, ಯಾವ ಗಣಿ ತೆರೆದ ಮೇಲೆ ಯಾವ ಹೂ ಮರೆಯಾಯಿತು ಎಂಬ ಅವರ ಮಾತುಗಳನ್ನು ವರ್ಷ ಮತ್ತು ಸ್ಥಳದೊಂದಿಗೆ ಬರೆದಿಟ್ಟುಕೊಂಡು, ಸಸ್ಯವಿಜ್ಞಾನಿಗಳ ಸಂಗ್ರಹಗಳ ಜೊತೆ ಹೋಲಿಸುವ ಕಾರ್ಯ ಆಗಬೇಕಾಗಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಬೆಟ್ಟಗಳಿಗೆ ಹತ್ತಿರದಲ್ಲಿಯೇ ಇರುವುದು ಒಂದು ಅನುಕೂಲ. ಲೋಹಾಚಲದ ಲೋಹದ ಲೆಕ್ಕ ಟನ್ನುಗಳಲ್ಲಿ ಬರೆಯಲ್ಪಟ್ಟಿದೆ. ಅದರ ಹೂಗಳ ಲೆಕ್ಕವನ್ನು ಬಲ್ಲ ತಲೆಮಾರು ಇನ್ನೂ ಇರುವಾಗಲೇ ಅದನ್ನೂ ಬರೆಯಬೇಕು.